ಮುಖದ ತ್ರೀಡಿ ಸ್ಕ್ಯಾನ್‌ಗೆ ಮಾಡೆಲ್ ಕೂರಿಸುವುದು ಹೇಗೆ?

ಇಲ್ಲಿ ಮಾಡೆಲ್ ಅಂದರೆ ಮನುಷ್ಯರಲ್ಲ, ಕಂಪ್ಯೂಟರ್‌ನಲ್ಲಿರುವ, ಆಕಾರ ಬದಲಿಸಬಲ್ಲ ಮುಖ. ಕೂರಿಸುವುದು ಅಂದರೆ ಅದನ್ನು ಸ್ಕ್ಯಾನ್‌ಗೆ ಹೊಂದುವ ಹಾಗೆ ಮಾಡುವುದು. ಹಾಸನದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆ ವರ್ಷದ ಪ್ರಾಜೆಕ್ಟ್ ಶುರುವಾಯಿತು ಅಂದರೆ ಸಾಕು, ಇದೇ ಪ್ರಶ್ನೆಗಳು ಬರುತ್ತವೆ. "ಸ್ಕ್ಯಾನ್ ಚೆನ್ನಾಗೇ ಇದೆ ಸಾರ್, ಮಾಡೆಲ್ ಕೂರಿಸಿದ ತಕ್ಷಣ ಮುಖ ಸೊಟ್ಟ ಆಗುತ್ತೆ." "ಬಾಯಿ ಮುಚ್ಚಿಕೊಂಡೇ ಸ್ಕ್ಯಾನ್ ಮಾಡಿಸಿದ್ದು, ಮಾಡೆಲ್ ಯಾಕೆ ಬಾಯಿ ಬಿಡುತ್ತೆ?" "ಎರರ್ ತುಂಬಾ ಕಡಿಮೆ ಬಂದಿದೆ, ಆದರೂ ಗೈಡ್ ಒಪ್ತಿಲ್ಲ." ಚಿಕಿತ್ಸೆಗೆ ಮುಂಚಿನ ಮುಖ, ನಂತರದ ಮುಖ ಎರಡನ್ನೂ ಹೋಲಿಸಬೇಕಾದ ಡೆಂಟಲ್ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ಕೆಲಸವನ್ನು ಇಲ್ಲಿ ಬರೆದಿದ್ದೇನೆ. ಬಹುಪಾಲು ತೊಂದರೆ ಬರುವುದು ಕೆಲಸದ ಕ್ರಮ ತಪ್ಪಿದ್ದರಿಂದ. ಹಾಗಾಗಿ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಮೊದಲು ಒಂದೆರಡು ಮಾತು, ಇದು ಯಾಕೆ ಬೇಕು ಅಂತ.

ಸ್ಕ್ಯಾನರ್ ಕೊಡುವುದು ಬರೀ ಬಿಂದುಗಳ ರಾಶಿ, ಜೊತೆಗೆ ಅವುಗಳನ್ನು ಜೋಡಿಸುವ ಸಣ್ಣ ತ್ರಿಕೋನಗಳ ಬಲೆ. ಈ ಬಲೆಗೆ ಮೆಶ್ ಅನ್ನುತ್ತಾರೆ, ಅದರ ಒಂದೊಂದು ಗಂಟಿಗೆ ವರ್ಟೆಕ್ಸ್. ಇದರಲ್ಲಿ ಮೂಗು ಯಾವುದು, ತುಟಿ ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಿರುವುದಿಲ್ಲ. ಒಬ್ಬರ ಸ್ಕ್ಯಾನ್‌ನ ಐನೂರನೇ ಬಿಂದು ಮೂಗಿನ ಮೇಲಿದ್ದರೆ, ಇನ್ನೊಬ್ಬರದು ಕಿವಿಯ ಹಿಂದೆ ಇರಬಹುದು. ಒಬ್ಬರದೇ ಎರಡು ಸ್ಕ್ಯಾನ್ ತೆಗೆದರೂ ಬಿಂದುಗಳು ತಾಳೆಯಾಗುವುದಿಲ್ಲ. ಮತ್ತೆ ಹೋಲಿಸುವುದು ಹೇಗೆ?

ಅದಕ್ಕೇ ಆಕಾರ ಬದಲಿಸಬಲ್ಲ ಮಾಡೆಲ್ ಬೇಕು. ಟೈಲರ್‌ಗೆ ಅಳತೆ ಬ್ಲೌಸ್ ಕೊಟ್ಟು, "ಇಲ್ಲಿ ಸ್ವಲ್ಪ ಬಿಡಿ, ಅಲ್ಲಿ ಸ್ವಲ್ಪ ಹಿಡೀರಿ" ಅನ್ನುತ್ತೇವಲ್ಲ, ಹಾಗೆ. ಮಾಡೆಲ್‌ನಲ್ಲಿ ಒಂದು ಸರಾಸರಿ ಮುಖ ಇರುತ್ತದೆ. ಅದನ್ನು ಎಲ್ಲೆಲ್ಲಿ, ಎಷ್ಟೆಷ್ಟು ಬದಲಿಸಬೇಕು ಅಂತ ಹೇಳುವ ಕೆಲವು ಸಂಖ್ಯೆಗಳಿರುತ್ತವೆ. ಇವೇ ಪ್ಯಾರಾಮೀಟರ್‌ಗಳು. ಮಾಡೆಲ್ ಯಾರ ಮುಖಕ್ಕೆ ಕೂತರೂ ಮೂಗಿನ ತುದಿಯ ಬಿಂದುವಿನ ನಂಬರ್ ಒಂದೇ. ಆಗ ಹೋಲಿಕೆ ಸುಲಭ.

ಈ ದಾರಿ ತೋರಿಸಿದ್ದು 1999ರಲ್ಲಿ ಫೋಲ್ಕರ್ ಬ್ಲಾಂಜ್ ಮತ್ತು ಥಾಮಸ್ ಫೆಟರ್. ಅವರು 100 ಗಂಡಸರು, 100 ಹೆಂಗಸರ ಮುಖಗಳನ್ನು ಲೇಸರ್‌ನಿಂದ ಸ್ಕ್ಯಾನ್ ಮಾಡಿ, ಮುಖದಿಂದ ಮುಖಕ್ಕೆ ಏನೇನು ಬದಲಾಗುತ್ತದೆ ಅನ್ನುವುದನ್ನು ಪಿಸಿಎ ಲೆಕ್ಕದಿಂದ ಹಿಡಿದರು. ಪಿಸಿಎ ಅಂದರೆ, ಅತಿ ದೊಡ್ಡ ವ್ಯತ್ಯಾಸ ಮೊದಲು, ಅದಕ್ಕಿಂತ ಸಣ್ಣದು ಆಮೇಲೆ, ಇನ್ನೂ ಸಣ್ಣದು ಅದರ ನಂತರ ಅಂತ ಸಾಲಾಗಿ ಜೋಡಿಸುವ ವಿಧಾನ. ಈ ಸಾಲಿನ ವಿಷಯ ನೆನಪಿಟ್ಟುಕೊಳ್ಳಿ. ಆರನೇ ಹಂತದಲ್ಲಿ ಇದರ ಮೇಲೇ ಎಲ್ಲಾ ನಿಂತಿದೆ.

ಬೇಕಾಗುವ ಸಾಮಾನು

ಪೈಥಾನ್ ಭಾಷೆ, ಅದರಲ್ಲಿ ಲೆಕ್ಕಕ್ಕೆ ನಂಪೈ, ಸೈಪೈ, ಪೈಟಾರ್ಚ್ ಲೈಬ್ರರಿಗಳು. ಮೆಶ್ ಓದಿ ಬರೆಯಲು ಟ್ರೈಮೆಶ್ ಅಥವಾ ಓಪನ್‌ತ್ರೀಡಿ. ಕಣ್ಣಿಂದ ನೋಡಿ ಶುಚಿ ಮಾಡಲು ಮೆಶ್‌ಲ್ಯಾಬ್. ಎಲ್ಲಾ ಪುಕ್ಕಟೆ ಸಿಗುತ್ತವೆ. ಇದಕ್ಕೇ ಅಂತ ಸಾಲ ಮಾಡಿ ದುಬಾರಿ ಲ್ಯಾಪ್‌ಟಾಪ್ ತಗೋಬೇಡಿ. ಕೆಲವು ಸಾವಿರ ಬಿಂದುಗಳ ಮಾಡೆಲ್ ಕೂರಿಸಲು ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದಿಲ್ಲ, 8 ಜಿಬಿ ಮೆಮೊರಿ ಇರುವ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ಬರೋದು ಇದ್ದದ್ದೇ. ಪ್ರತಿ ಹಂತದ ಫಲಿತಾಂಶವನ್ನು ಬೇರೆ ಬೇರೆ ಫೈಲ್‌ನಲ್ಲಿ ಉಳಿಸುತ್ತಾ ಹೋಗಿ. ಏನಾದರೂ ಕೆಟ್ಟರೆ ಯಾವ ಹಂತದಲ್ಲಿ ಕೆಟ್ಟಿತು ಅಂತ ಹುಡುಕಲೂ ಇದು ಬೇಕು.

1. ಮಾಡೆಲ್ ಆರಿಸಿ

ಹೆಚ್ಚು ಬಳಕೆಯಲ್ಲಿರುವವು ಎರಡು. 2009ರ ಬಾಸೆಲ್ ಫೇಸ್ ಮಾಡೆಲ್‌ನಲ್ಲಿ 53,490 ವರ್ಟೆಕ್ಸ್‌ಗಳಿವೆ, ಆಕಾರಕ್ಕೆ 199 ಪ್ಯಾರಾಮೀಟರ್. 2017ರ ಫ್ಲೇಮ್ ಮಾಡೆಲ್‌ನಲ್ಲಿ 5,023 ವರ್ಟೆಕ್ಸ್, ಆಕಾರಕ್ಕೆ 300, ಹಾವಭಾವಕ್ಕೆ 100 ಪ್ಯಾರಾಮೀಟರ್. ಫ್ಲೇಮ್ ಬರೀ ಮುಖವಲ್ಲ, ಪೂರ್ತಿ ತಲೆ. ದವಡೆ, ಕುತ್ತಿಗೆ, ಕಣ್ಣುಗುಡ್ಡೆ ಪ್ರತ್ಯೇಕವಾಗಿ ತಿರುಗುತ್ತವೆ.

ಹೊಸಬರಿಗೆ ನಾನು ಫ್ಲೇಮ್ ಅನ್ನೇ ಹೇಳುತ್ತೇನೆ. ದವಡೆ ಬೇರೆ, ಹಾವಭಾವ ಬೇರೆ, ಮುಖದ ಆಕಾರ ಬೇರೆ ಇರುವುದರಿಂದ ತಪ್ಪು ಎಲ್ಲಿ ಆಯಿತು ಅಂತ ಬೇಗ ಗೊತ್ತಾಗುತ್ತದೆ. ಯಾವುದೇ ಮಾಡೆಲ್ ಇಳಿಸಿಕೊಳ್ಳುವ ಮುಂಚೆ ಲೈಸೆನ್ಸ್ ಓದಿ. ಓದಿಗೆ, ಸಂಶೋಧನೆಗೆ ಬಿಟ್ಟದ್ದನ್ನು ವ್ಯಾಪಾರದ ಆ್ಯಪ್‌ನಲ್ಲಿ ಹಾಕುವ ಹಾಗಿಲ್ಲದಿರಬಹುದು.

ಒಂದು ಎಚ್ಚರಿಕೆ. ಬಾಸೆಲ್ ಮಾಡೆಲ್ ಕಲಿತದ್ದು ಹೆಚ್ಚಾಗಿ ಯುರೋಪಿನವರ ಮುಖಗಳಿಂದ. ಫ್ಲೇಮ್‌ನ ಆಕಾರ ಕಲಿತದ್ದು ಅಮೆರಿಕ, ಯುರೋಪಿನಲ್ಲಿ ಸ್ಕ್ಯಾನ್ ಮಾಡಿದ ಸುಮಾರು 3,800 ತಲೆಗಳಿಂದ. ನಮ್ಮ ಊರಿನ ಎಲ್ಲಾ ಥರದ ಮೂಗು, ತುಟಿ, ದವಡೆ ಅದರಲ್ಲಿ ಇದ್ದಾವು ಅಂತ ನಂಬಬೇಡಿ. ಕೂರಿಸಿದ ಮೇಲೆ ಮೂಗಿನ ಹೊಳ್ಳೆ ಹತ್ತಿರ ತಪ್ಪು ಉಳಿದರೆ, ಅದು ನಿಮ್ಮ ಕೋಡ್‌ನ ದೋಷವೇ ಆಗಿರಬೇಕಿಲ್ಲ. ಮಾಡೆಲ್ ಆ ಥರದ ಮೂಗು ಕಂಡಿಲ್ಲದೆಯೂ ಇರಬಹುದು. ಇದಕ್ಕೆ ಪರಿಹಾರ ಏಳನೇ ಹಂತದಲ್ಲಿದೆ.

2. ಸ್ಕ್ಯಾನ್ ತೆಗೆಯಿರಿ

2017ರ ಐಫೋನ್ ಟೆನ್‌ನಿಂದ ಈಚೆಗೆ ಬಂದ, ಮುಖ ನೋಡಿ ಲಾಕ್ ತೆಗೆಯುವ ಐಫೋನ್‌ಗಳ ಮುಂದಿನ ಕ್ಯಾಮೆರಾದಲ್ಲಿ ಆಳ ಅಳೆಯುವ ಸೌಲಭ್ಯ ಇದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು, 30,000ಕ್ಕೂ ಜಾಸ್ತಿ, ಮುಖದ ಮೇಲೆ ಚೆಲ್ಲಿ ಆಳ ಲೆಕ್ಕ ಹಾಕುತ್ತದೆ. ಅದಿಲ್ಲದಿದ್ದರೆ ಯಾವ ಫೋನ್ ಆದರೂ ಸರಿ. ಕಿವಿಯಿಂದ ಕಿವಿಗೆ ಸುತ್ತುತ್ತಾ, ಮೇಲಿಂದ ಒಂದು ಸುತ್ತು, ಕೆಳಗಿಂದ ಒಂದು ಸುತ್ತು ಅಂತ ನಲವತ್ತು ಐವತ್ತು ಫೋಟೋ ತೆಗೆದು, ಕೋಲ್‌ಮ್ಯಾಪ್ ಅಥವಾ ಮೆಶ್‌ರೂಮ್ ಸಾಫ್ಟ್‌ವೇರ್‌ಗೆ ಕೊಡಿ. ಇದಕ್ಕೆ ಫೋಟೋಗ್ರಾಮೆಟ್ರಿ ಅನ್ನುತ್ತಾರೆ, ಹಲವು ಫೋಟೋಗಳಿಂದ ಆಕಾರ ಕಟ್ಟುವುದು ಅಂತ ಅರ್ಥ. ಈ ಒಂದು ಕೆಲಸಕ್ಕೆ ಮಾತ್ರ ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಬ್ ಕಂಪ್ಯೂಟರ್ ಬೇಕಾದೀತು.

ಫೋಟೋಗ್ರಾಮೆಟ್ರಿಯಲ್ಲಿ ಒಂದು ದೊಡ್ಡ ಹಳ್ಳ ಇದೆ. ಫೋಟೋಗಳಿಂದ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಮುಖ 15 ಸೆಂಟಿಮೀಟರ್ ಅಗಲವೋ 15 ಮೀಟರೋ ಅದಕ್ಕೆ ತಿಳಿಯದು. ಅದಕ್ಕೆ ಕೂತವರ ಹೆಗಲ ಪಕ್ಕ, ಅಲ್ಲಾಡದ ಹಾಗೆ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ. ಮೂರನೇ ಹಂತದಲ್ಲಿ ಹೆಗಲು ಅಳಿಸುವ ಮುಂಚೆ ಅದನ್ನು ನೋಡಿ ಅಳತೆ ಸರಿ ಮಾಡಿಕೊಳ್ಳಿ.

ಬೆಳಕಿನ ವಿಷಯದಲ್ಲಿ ನಾವು ಅದೃಷ್ಟವಂತರು. ಜುಲೈ, ಆಗಸ್ಟಿನ ಮೋಡ ಕವಿದ ಮಧ್ಯಾಹ್ನ ಜಗಲಿಯ ಮೇಲೆ ಕೂರಿಸಿ ಫೋಟೋ ತೆಗೆದರೆ ಎಲ್ಲೂ ಗಾಢ ನೆರಳು ಬೀಳುವುದಿಲ್ಲ. ಬಿಸಿಲಲ್ಲಿ ಮಾತ್ರ ಬೇಡ.

ಕೂತವರು ಕನ್ನಡಕ ತೆಗೆಯಲಿ. ಮೂಗುಬೊಟ್ಟು, ಜುಮುಕಿ ತೆಗೆಯಲು ಮನಸ್ಸಿದ್ದರೆ ತೆಗೆಯಲಿ, ಇಲ್ಲವಾದರೆ ಒತ್ತಾಯ ಬೇಡ, ಆ ಜಾಗವನ್ನು ಆಮೇಲೆ ಬಿಟ್ಟುಬಿಡಬಹುದು. ಕುಂಕುಮ ಇದ್ದರೆ ತೊಂದರೆ ಇಲ್ಲ. ಎಣ್ಣೆ, ಬೆವರು ಒರೆಸಿ, ಹೊಳೆಯುವ ಚರ್ಮ ಸ್ಕ್ಯಾನ್‌ನಲ್ಲಿ ಗುಳಿ ಬೀಳುತ್ತದೆ. ಕೂದಲು ಹಿಂದಕ್ಕೆ ಕಟ್ಟಿ. ಹಲ್ಲು ಮೆಲ್ಲಗೆ ಕೂಡಿ, ತುಟಿ ಮುಚ್ಚಿ, ಕಣ್ಣು ತೆರೆದಿರಲಿ.

ಇನ್ನೊಂದು ಚಿಕ್ಕ ಉಪಾಯ, ಎಂಟನೇ ಹಂತಕ್ಕೆ ಬೇಕಾಗುತ್ತದೆ. ಎರಡೂ ಕೆನ್ನೆ ಮೇಲೆ, ಹಣೆ ಮೇಲೆ ಕಾಡಿಗೆಯಿಂದ ಮೂರು ನಾಲ್ಕು ಸಣ್ಣ ಚುಕ್ಕಿ ಇಡಿ. ಚುಕ್ಕಿ ಇಟ್ಟ ಮೇಲೆ ಅದೇ ವ್ಯಕ್ತಿಯ ಎರಡು ಸ್ಕ್ಯಾನ್ ತೆಗೆಯಿರಿ, ಒಂದು ಸುಮ್ನೆ ಕೂತಾಗ, ಒಂದು ನಗುವಾಗ.

3. ಶುಚಿ ಮಾಡಿ

ಮೆಶ್‌ಲ್ಯಾಬ್‌ನಲ್ಲಿ ತೆರೆದು ಹೆಗಲು, ಬಟ್ಟೆ, ಕೂದಲ ಗಂಟು, ಗಾಳಿಯಲ್ಲಿ ತೇಲುವ ಚೂರುಗಳನ್ನು ಅಳಿಸಿ. ಬಿಂದುಗಳು ಲಕ್ಷ ದಾಟಿದ್ದರೆ ಐವತ್ತು ಸಾವಿರದ ಆಸುಪಾಸಿಗೆ ಇಳಿಸಿ, ಮುಖದ ಆಕಾರಕ್ಕೆ ಅಷ್ಟು ಸಾಕು.

ತೂತುಗಳನ್ನು ಮುಚ್ಚಬೇಡಿ. ಮೂಗಿನ ಹೊಳ್ಳೆ ಕೆಳಗೆ, ಗದ್ದದ ಕೆಳಗೆ, ಕಿವಿ ಹಿಂದೆ ತೂತು ಬಂದೇ ಬರುತ್ತವೆ. ಸಾಫ್ಟ್‌ವೇರ್‌ನಲ್ಲಿ ತೂತು ಮುಚ್ಚುವ ಬಟನ್ ಇದೆ ಅಂತ ಒತ್ತಿದರೆ, ಅಲ್ಲಿ ಇಲ್ಲದ ಚರ್ಮವನ್ನು ನೀವೇ ಹುಟ್ಟಿಸಿದ ಹಾಗೆ. ಮಾಡೆಲ್ ಅದನ್ನೂ ನಿಜ ಅಂದುಕೊಂಡು ಅದಕ್ಕೇ ಕೂರಲು ಹೋಗುತ್ತದೆ. ಮಾಹಿತಿ ಇಲ್ಲದ ಜಾಗ ಖಾಲಿ ಇರಲಿ. ಅದನ್ನು ತುಂಬುವುದೇ ಮಾಡೆಲ್‌ನ ಕೆಲಸ.

ಆಮೇಲೆ ಅಳತೆಯ ಘಟಕ ನೋಡಿ. ದೊಡ್ಡವರ ಮುಖದ ಅಗಲ ಸುಮಾರು 13ರಿಂದ 15 ಸೆಂಟಿಮೀಟರ್. ನಿಮ್ಮ ಫೈಲ್‌ನಲ್ಲಿ ಅದು 140 ಅಂತ ಕಂಡರೆ ಮಿಲಿಮೀಟರ್, 0.14 ಅಂತ ಕಂಡರೆ ಮೀಟರ್. ಫ್ಲೇಮ್ ಇರುವುದು ಮೀಟರ್‌ನಲ್ಲಿ. ಎರಡೂ ಒಂದೇ ಘಟಕಕ್ಕೆ ಬಂದ ಮೇಲೇ ಮುಂದಿನ ಹೆಜ್ಜೆ. "ಮಾಡೆಲ್ ಕಾಣಿಸ್ತಾನೇ ಇಲ್ಲ" ಅನ್ನುವವರ ಮಾಡೆಲ್ ಸಾಮಾನ್ಯವಾಗಿ ಸ್ಕ್ಯಾನ್‌ನ ಒಳಗೆಲ್ಲೋ ಸಾವಿರ ಪಾಲು ಚಿಕ್ಕದಾಗಿ ಕೂತಿರುತ್ತದೆ.

4. ಗುರುತು ಹಾಕಿ

ಲ್ಯಾಂಡ್‌ಮಾರ್ಕ್ ಅಂದರೆ ಎಲ್ಲರ ಮುಖದಲ್ಲೂ ಇರುವ, ಬೆರಳಿಟ್ಟು ತೋರಿಸಬಹುದಾದ ಜಾಗ. ಎರಡು ಕಣ್ಣಿನ ನಾಲ್ಕು ಮೂಲೆ, ಮೂಗಿನ ತುದಿ, ಮೂಗು ಮೇಲ್ದುಟಿಗೆ ಸೇರುವ ಬುಡ, ಬಾಯಿಯ ಎರಡು ಮೂಲೆ, ಗದ್ದದ ತುದಿ. ಈ ಒಂಬತ್ತನ್ನು ಕೈಯಿಂದಲೇ ಗುರುತು ಹಾಕಿ. ಗೂಗಲ್‌ನ ಮೀಡಿಯಾಪೈಪ್ ಸಾಫ್ಟ್‌ವೇರ್ 468 ಬಿಂದುಗಳನ್ನು ತಾನಾಗೇ ಹುಡುಕಿ ಕೊಡುತ್ತದೆ ನಿಜ. ಆದರೆ ಅದು ಫೋಟೋ ನೋಡಿ ಹೇಳುವುದು, ಅದನ್ನು ಮತ್ತೆ ಸ್ಕ್ಯಾನ್‌ನ ಮೇಲ್ಮೈಗೆ ಇಳಿಸಬೇಕು. ನೂರಾರು ಸ್ಕ್ಯಾನ್ ಇದ್ದರೆ ಆ ದಾರಿ ಹಿಡಿಯಿರಿ. ಹತ್ತು ಸ್ಕ್ಯಾನ್‌ಗೆ ಕೈಯೇ ವಾಸಿ.

ಕಣ್ಣಿನ ಹೊರ ಮೂಲೆಯನ್ನು ಹತ್ತಿರದಿಂದ ನೋಡಿ. ಮೇಲಿನ ರೆಪ್ಪೆ ಕೆಳಗಿನ ರೆಪ್ಪೆಯನ್ನು ಸ್ವಲ್ಪ ದಾಟಿ ಆಚೆ ಹೋಗಿರುತ್ತದೆ. ಸ್ಕ್ಯಾನ್‌ನಲ್ಲಿ ರೆಪ್ಪೆಗೂದಲು ಅಂಟಿಕೊಂಡು ಅಲ್ಲೊಂದು ಸಣ್ಣ ಉಬ್ಬು ಬಂದಿರುತ್ತದೆ. ತುಂಬಾ ಜನ ಆ ಉಬ್ಬಿನ ತುದಿಗೇ ಗುರುತು ಹಾಕುತ್ತಾರೆ. ಹಾಕಬೇಕಾದ್ದು ಎರಡು ರೆಪ್ಪೆ ಕೂಡುವ ಒಳಗಿನ ಜಾಗಕ್ಕೆ. ಬಣ್ಣದ ಚಿತ್ರ ಆನ್ ಮಾಡಿಕೊಂಡರೆ ಕಣ್ಣಿನ ಬಿಳಿ ಎಲ್ಲಿ ಮುಗಿಯುತ್ತದೆ ಅಂತ ಕಾಣುತ್ತದೆ, ಅದೇ ಜಾಗ. ಗದ್ದದ ತುದಿ ಮಾತ್ರ ನುಣುಪು, ಇಲ್ಲೇ ಅಂತ ಹೇಳಲು ಬರುವುದಿಲ್ಲ. ಆರನೇ ಹಂತದ ಲೆಕ್ಕದಲ್ಲಿ ಅದಕ್ಕೆ ಕಡಿಮೆ ತೂಕ ಕೊಡಿ.

ಎಡ, ಬಲ ಯಾವಾಗಲೂ ಸ್ಕ್ಯಾನ್ ಆದ ವ್ಯಕ್ತಿಯದು, ನೋಡುವ ನಿಮ್ಮದಲ್ಲ. ಮಾಡೆಲ್‌ನ ಗುರುತುಗಳೂ ಸ್ಕ್ಯಾನ್‌ನ ಗುರುತುಗಳೂ ಒಂದೇ ಕ್ರಮದಲ್ಲಿ ಇರಬೇಕು. ಇದೊಂದು ತಪ್ಪಿದರೆ ಮುಂದೆ ಏನು ಮಾಡಿದರೂ ಮುಖ ಸೊಟ್ಟವೇ.

5. ಒಂದರ ಮೇಲೊಂದು ತನ್ನಿ

ಈಗ ಮಾಡೆಲ್‌ನ ಆಕಾರ ಮುಟ್ಟದೆ, ಬರೀ ತಿರುಗಿಸಿ, ಸರಿಸಿ ಸ್ಕ್ಯಾನ್ ಮೇಲೆ ತರಬೇಕು. ಒಂಬತ್ತು ಜೋಡಿ ಗುರುತುಗಳಿಂದ ಇದನ್ನು ಒಂದೇ ಏಟಿಗೆ ಲೆಕ್ಕ ಹಾಕುವ ಸೂತ್ರ ಇದೆ, ಉಮೆಯಾಮಾ 1991ರಲ್ಲಿ ಕೊಟ್ಟದ್ದು. ನಂಪೈನಲ್ಲಿ ಹತ್ತು ಹದಿನೈದು ಸಾಲಿನ ಕೋಡ್. ಬಂದ ತಿರುಗುವಿಕೆಯ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ +1 ಇದೆಯಾ ನೋಡಿ. -1 ಇದ್ದರೆ ಮುಖ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದೆ ಅಂತ ಅರ್ಥ, ಎಡಬಲ ಅದಲುಬದಲು ಆಗಿರುವ ಸಾಧ್ಯತೆ ಜಾಸ್ತಿ.

ಸ್ಕ್ಯಾನ್‌ನ ಅಳತೆ ನಂಬುವಂಥದ್ದಾದರೆ ಹಿಗ್ಗಿಸುವ, ಕುಗ್ಗಿಸುವ ಲೆಕ್ಕ ಬಿಟ್ಟುಬಿಡಿ. ಇಲ್ಲವಾದರೆ ದೊಡ್ಡ ಮುಖದವರೂ ಚಿಕ್ಕ ಮುಖದವರೂ ಒಂದೇ ಗಾತ್ರಕ್ಕೆ ಬಂದುಬಿಡುತ್ತಾರೆ.

ಇದರ ಮೇಲೆ ಐಸಿಪಿ ಸ್ವಲ್ಪ ಓಡಿಸಿ. 1992ರಲ್ಲಿ ಬೆಸ್ಲ್ ಮತ್ತು ಮೆಕೇ ಬರೆದ ವಿಧಾನ ಇದು. ಒಂದರ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಅತಿ ಹತ್ತಿರದ ಬಿಂದು ಹುಡುಕು, ಆ ಜೋಡಿಗಳು ಹತ್ತಿರ ಬರುವ ಹಾಗೆ ಸರಿಸು, ಮತ್ತೆ ಹುಡುಕು, ಇಷ್ಟೇ. ಶುರುವಿನ ಜಾಗ ಕೆಟ್ಟಿದ್ದರೆ ಐಸಿಪಿ ತಪ್ಪು ಜಾಗದಲ್ಲೇ ನಿಂತುಬಿಡುತ್ತದೆ. ಅದಕ್ಕೇ ಗುರುತುಗಳ ಕೆಲಸ ಮೊದಲು.

ಸ್ಕ್ಯಾನ್‌ಗೊಂದು ಬಣ್ಣ, ಮಾಡೆಲ್‌ಗೊಂದು ಬಣ್ಣ ಕೊಟ್ಟು ನೋಡಿ. ಎರಡೂ ಬಣ್ಣ ಮುಖದ ತುಂಬಾ ತೇಪೆ ತೇಪೆಯಾಗಿ ಬೆರೆತು ಕಂಡರೆ ಸರಿ. ಒಂದು ಕಡೆ ಪೂರ್ತಿ ಒಂದೇ ಬಣ್ಣ ಇದ್ದರೆ ತಲೆ ಓರೆಯಾಗಿದೆ. ಸರಿ ಮಾಡದೆ ಮುಂದೆ ಹೋಗಬೇಡಿ.

6. ಮಾಡೆಲ್ ಕೂರಿಸಿ

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ. ಕಂಪ್ಯೂಟರ್‌ಗೆ ನೀವು ಮೂರು ಬೇಡಿಕೆ ಒಟ್ಟಿಗೆ ಇಡುತ್ತೀರಿ. ಒಂದು, ಗುರುತುಗಳು ಗುರುತುಗಳ ಮೇಲೆ ಬೀಳಲಿ. ಎರಡು, ಮೇಲ್ಮೈ ಮೇಲ್ಮೈಗೆ ತಾಗಲಿ. ಮೂರು, ಪ್ಯಾರಾಮೀಟರ್‌ಗಳು ಸರಾಸರಿಯಿಂದ ತೀರಾ ದೂರ ಹೋಗದಿರಲಿ. ಮೂರನೆಯದಕ್ಕೆ ರೆಗ್ಯುಲರೈಸೇಶನ್ ಅನ್ನುತ್ತಾರೆ, ಅಂದರೆ ಕಡಿವಾಣ. ಮೂರಕ್ಕೂ ಒಂದೊಂದು ತೂಕ ಕೊಟ್ಟು ಕೂಡಿಸಿ, ಮೊತ್ತ ಆದಷ್ಟು ಕಡಿಮೆಯಾಗುವ ಪ್ಯಾರಾಮೀಟರ್‌ಗಳನ್ನು ಹುಡುಕುವುದು. ಹುಡುಕಲು ಪೈಟಾರ್ಚ್‌ನ ಎಲ್‌ಬಿಎಫ್‌ಜಿಎಸ್ ಅಥವಾ ಆಡಮ್ ಯಾವುದಾದರೂ ಆದೀತು.

ಹೆಚ್ಚಿನವರು ಮಾಡುವ ತಪ್ಪು ಇಲ್ಲೇ. ಮುನ್ನೂರೂ ಪ್ಯಾರಾಮೀಟರ್‌ಗಳನ್ನು ಮೊದಲ ದಿನವೇ ಬಿಚ್ಚಿಬಿಡುತ್ತಾರೆ. ತಲೆ ಸ್ವಲ್ಪ ಓರೆಯಾಗಿದ್ದುದನ್ನು ಸರಿದೂಗಿಸಲು ಮಾಡೆಲ್ ಆಗ ಮೂಗನ್ನೇ ತಿರುಚುತ್ತದೆ. ಹೀಗೆ ಮಾಡಿ: ಮೊದಲು ಗುರುತುಗಳು ಮಾತ್ರ, ಮೊದಲ ಹತ್ತು ಪ್ಯಾರಾಮೀಟರ್ ಮಾತ್ರ, ಕಡಿವಾಣ ಬಿಗಿ. ಆಮೇಲೆ ಮೇಲ್ಮೈಯನ್ನು ಸೇರಿಸಿ, ಐವತ್ತಕ್ಕೆ ಹೋಗಿ, ಕಡಿವಾಣ ಸ್ವಲ್ಪ ಸಡಿಲ ಬಿಡಿ. ಕೊನೆಗೆ ನೂರು, ಬೇಕಿದ್ದರೆ ಇನ್ನೂ ಜಾಸ್ತಿ. ದೊಡ್ಡ ವ್ಯತ್ಯಾಸಗಳು ಸಾಲಿನಲ್ಲಿ ಮೊದಲಿರುವುದರಿಂದಲೇ ಈ ಕ್ರಮ ಕೆಲಸ ಮಾಡುತ್ತದೆ. ಪ್ರತಿ ಸಲ ಮಾಡೆಲ್ ಸರಿದ ಮೇಲೆ ಹತ್ತಿರದ ಬಿಂದುಗಳನ್ನು ಹೊಸದಾಗಿ ಹುಡುಕಬೇಕು. ಸೈಪೈನ ಕೆಡಿಟ್ರೀ ಇದನ್ನು ಬೇಗ ಮಾಡುತ್ತದೆ.

ಪ್ಯಾರಾಮೀಟರ್‌ಗಳ ಬೆಲೆ ನೋಡುತ್ತಿರಿ. ಅವನ್ನು ಸ್ಟಾಂಡರ್ಡ್ ಡೀವಿಯೇಶನ್‌ನಲ್ಲಿ ಅಳೆದರೆ ಸಹಜ ಮುಖಗಳು ಬಹುತೇಕ -3ರಿಂದ +3ರ ಒಳಗೇ ಇರುತ್ತವೆ. 6, 8 ಅಂತ ಕಂಡರೆ ಕಡಿವಾಣ ಸಾಲದು, ಇಲ್ಲವೇ ಹಿಂದಿನ ಯಾವುದೋ ಹಂತ ಕೆಟ್ಟಿದೆ.

ದೂರ ಅಳೆಯುವುದು ಯಾವ ದಿಕ್ಕಿನಲ್ಲಿ ಅನ್ನುವುದೂ ಮುಖ್ಯ. ಫ್ಲೇಮ್‌ಗೆ ತಲೆಯ ಹಿಂಭಾಗ ಇದೆ, ನಿಮ್ಮ ಸ್ಕ್ಯಾನ್‌ನಲ್ಲಿ ಅದಿಲ್ಲ. ಮಾಡೆಲ್‌ನ ಪ್ರತಿ ಬಿಂದುವೂ ಸ್ಕ್ಯಾನ್‌ನಲ್ಲಿ ಹತ್ತಿರದ್ದನ್ನು ಹುಡುಕಲಿ ಅಂದರೆ, ಹಿಂದಲೆಯ ಬಿಂದುಗಳೆಲ್ಲ ಸ್ಕ್ಯಾನ್‌ನ ಅಂಚಿಗೆ ಬಂದು ಜೋತುಬೀಳುತ್ತವೆ, ತಲೆ ಚಪ್ಪಟೆಯಾಗುತ್ತದೆ. ಅದಕ್ಕೆ ಸ್ಕ್ಯಾನ್‌ನಿಂದ ಮಾಡೆಲ್ ಕಡೆಗೆ ಅಳೆಯಿರಿ. ಒಂದು ಸೆಂಟಿಮೀಟರ್‌ಗಿಂತ ದೂರದ ಜೋಡಿ, ಮೇಲ್ಮೈಯ ದಿಕ್ಕು 60 ಡಿಗ್ರಿಗಿಂತ ಜಾಸ್ತಿ ಬೇರೆ ಇರುವ ಜೋಡಿ, ಎರಡನ್ನೂ ಬಿಟ್ಟುಬಿಡಿ. ಉಳಿದ ಕೂದಲು, ಮೂಗುಬೊಟ್ಟಿನ ಚೂರು ಇದರಲ್ಲೇ ಹೆಚ್ಚಾಗಿ ಹೊರಗೆ ಹೋಗುತ್ತವೆ.

ಇನ್ನು ಬಾಯಿ ಬಿಡುವ ಮಾಡೆಲ್ ವಿಷಯ. ಉದ್ದ ಗದ್ದ ಇರುವವರ ಮುಖಕ್ಕೆ ಮಾಡೆಲ್ ಎರಡು ಥರ ಕೂರಬಹುದು. ಗದ್ದದ ಆಕಾರ ಉದ್ದ ಮಾಡಬಹುದು, ಇಲ್ಲವೇ ದವಡೆ ಕೆಳಗಿಳಿಸಬಹುದು. ಗದ್ದದ ಹತ್ತಿರ ಎರಡರದೂ ಫಲ ಒಂದೇ. ಸುಮ್ನೆ ಕೂತ ಸ್ಕ್ಯಾನ್ ಆದರೆ ದವಡೆ, ಹಾವಭಾವದ ಪ್ಯಾರಾಮೀಟರ್‌ಗಳನ್ನು ಸೊನ್ನೆಗೇ ಕಟ್ಟಿಹಾಕಿ, ಆಕಾರ ಮಾತ್ರ ಹುಡುಕಿ. ಆಮೇಲೆ ಅದೇ ವ್ಯಕ್ತಿಯ ನಗುವ ಸ್ಕ್ಯಾನ್ ಬಂದಾಗ ಆಕಾರವನ್ನು ಕಟ್ಟಿಹಾಕಿ, ದವಡೆ ಮತ್ತು ಹಾವಭಾವ ಮಾತ್ರ ಬಿಡಿ. ಮನುಷ್ಯ ಒಬ್ಬನೇ ಅಲ್ವಾ, ನಕ್ಕರೆ ಮೂಳೆ ಬದಲಾಗುವುದಿಲ್ಲ.

7. ಉಳಿದದ್ದನ್ನು ಎಳೆದು ತಾಗಿಸಿ

ಮಾಡೆಲ್‌ಗೆ ಗೊತ್ತಿಲ್ಲದ ಆಕಾರಗಳು ಇನ್ನೂ ಉಳಿದಿರುತ್ತವೆ. ಇವಕ್ಕೆ ನಾನ್‌ರಿಜಿಡ್ ಐಸಿಪಿ ಇದೆ. ಆಂಬರ್ಗ್, ರೋಮ್ಧಾನಿ, ಫೆಟರ್ 2007ರಲ್ಲಿ ವಿವರಿಸಿದ ವಿಧಾನದಲ್ಲಿ ಪ್ರತಿ ವರ್ಟೆಕ್ಸ್ ತನ್ನಷ್ಟಕ್ಕೆ ಸರಿಯಬಹುದು, ಆದರೆ ಅಕ್ಕಪಕ್ಕದವುಗಳ ಜೊತೆ ಹೊಂದಿಕೊಂಡೇ ಸರಿಯಬೇಕು. ಆ ಹೊಂದಾಣಿಕೆಯ ಬಿಗಿಯನ್ನು ಹಂತ ಹಂತವಾಗಿ ಸಡಿಲಿಸುತ್ತಾ ಹೋಗುವುದು. ಒಮ್ಮೆಗೇ ಸಡಿಲ ಬಿಟ್ಟರೆ ಮೇಲ್ಮೈ ಸುಕ್ಕುಗಟ್ಟುತ್ತದೆ.

ಮೀಸೆ, ಗಡ್ಡ ಇರುವ ಕಡೆ ಬಿಗಿ ಜಾಸ್ತಿ ಇಡಿ, ಇಲ್ಲವಾದರೆ ಮೀಸೆಯೇ ಚರ್ಮವಾಗುತ್ತದೆ. ಕಣ್ಣುಗುಡ್ಡೆಗಳನ್ನು ಅಲ್ಲಾಡದ ಹಾಗೆ ಕಟ್ಟಿಹಾಕಿ.

8. ಸರಿಯಾಗಿದೆಯಾ ನೋಡಿ

ಗೈಡ್ ಯಾಕೆ ಒಪ್ಪುತ್ತಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮೇಲ್ಮೈಗಳ ನಡುವಿನ ದೂರ ಕಡಿಮೆ ಇದ್ದ ಮಾತ್ರಕ್ಕೆ ಮಾಡೆಲ್ ಸರಿಯಾಗಿ ಕೂತಿದೆ ಅಂತಲ್ಲ. ಕೆನ್ನೆ ನುಣುಪು. ಕೆನ್ನೆಯ ಬಿಂದು ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಜಾರಿದರೂ ಮೇಲ್ಮೈ ಬಿಟ್ಟು ಹೋಗುವುದಿಲ್ಲ, ದೂರ ಸೊನ್ನೆಯೇ ಇರುತ್ತದೆ. ಆದರೆ ಆ ಬಿಂದು ಈಗ ಕೆನ್ನೆಯ ಬೇರೆ ಜಾಗದಲ್ಲಿದೆ. ಇಬ್ಬರನ್ನು ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪು.

ಇದನ್ನು ಹಿಡಿಯಲು ಕಾಡಿಗೆ ಚುಕ್ಕಿ. ಸುಮ್ನೆ ಕೂತ ಸ್ಕ್ಯಾನ್‌ನಲ್ಲಿ ಎಡಗೆನ್ನೆಯ ಚುಕ್ಕಿ ಮಾಡೆಲ್‌ನ ಯಾವ ವರ್ಟೆಕ್ಸ್ ಹತ್ತಿರ ಬಿತ್ತು ಅಂತ ಬರೆದುಕೊಳ್ಳಿ. ನಗುವ ಸ್ಕ್ಯಾನ್‌ನಲ್ಲೂ ಅದೇ ಚುಕ್ಕಿ ಅದೇ ವರ್ಟೆಕ್ಸ್ ಹತ್ತಿರ ಬೀಳಬೇಕು. ಎಷ್ಟು ದೂರ ಬಿತ್ತೋ ಅಷ್ಟು ನಿಮ್ಮ ನಿಜವಾದ ತಪ್ಪು. ಚುಕ್ಕಿ ಇಡದೆ ಸ್ಕ್ಯಾನ್ ಮುಗಿಸಿದ್ದರೆ, ಕೂರಿಸುವಾಗ ಬಳಸದ ಒಂದೆರಡು ಗುರುತುಗಳನ್ನು ಪರೀಕ್ಷೆಗೆ ಅಂತ ಎತ್ತಿಡಿ. ಮೂಗಿನ ಹೊಳ್ಳೆಯ ಹೊರ ಅಂಚು ಇದಕ್ಕೆ ಒಳ್ಳೆಯದು.

ದೂರವನ್ನು ಬಣ್ಣದ ನಕ್ಷೆಯಾಗಿ ಮುಖದ ಮೇಲೆ ಹಾಕಿ ನೋಡಿ. ವರದಿಯಲ್ಲಿ ಸರಾಸರಿ ಒಂದನ್ನೇ ಬರೆಯಬೇಡಿ, ಮೀಡಿಯನ್ ಅಂದರೆ ಮಧ್ಯದ ಬೆಲೆಯನ್ನೂ, ನೂರರಲ್ಲಿ 95 ಬಿಂದುಗಳು ಯಾವ ಮಿತಿಯ ಒಳಗಿವೆ ಅನ್ನುವುದನ್ನೂ ಬರೆಯಿರಿ. ಸ್ಕ್ಯಾನರ್‌ನ ನಿಖರತೆಯೇ ಒಂದು ಮಿಲಿಮೀಟರ್ ಇದ್ದು, ನಿಮ್ಮ ತಪ್ಪು 0.1 ಮಿಲಿಮೀಟರ್ ಬಂದಿದ್ದರೆ ಖುಷಿಪಡಬೇಡಿ. ಮಾಡೆಲ್ ಮುಖದ ಬದಲು ಸ್ಕ್ಯಾನರ್‌ನ ನಾಯ್ಸ್‌ಗೆ, ಅಂದರೆ ಅಳತೆಯ ಸಣ್ಣಪುಟ್ಟ ಏರುಪೇರಿಗೆ ಕೂತಿದೆ.

9. ಉಳಿಸಿಡಿ, ಕಾಪಾಡಿ

ಪ್ಯಾರಾಮೀಟರ್‌ಗಳ ಜೊತೆ ಮಾಡೆಲ್‌ನ ಹೆಸರು, ಆವೃತ್ತಿ, ಅಳತೆಯ ಘಟಕ, ಐದನೇ ಹಂತದ ಮ್ಯಾಟ್ರಿಕ್ಸ್ ಎಲ್ಲಾ ಒಂದೇ ಫೋಲ್ಡರ್‌ನಲ್ಲಿಡಿ. ಬೇರೆ ಆವೃತ್ತಿಯ ಮಾಡೆಲ್‌ಗೆ ಅದೇ ಸಂಖ್ಯೆ ಕೊಟ್ಟರೆ ಬೇರೆಯೇ ಮುಖ ಬರುತ್ತದೆ.

ಮುಖದ ಸ್ಕ್ಯಾನ್ ಅಂದರೆ ಆ ಮನುಷ್ಯನ ಗುರುತು. ಹೆಸರು ಅಳಿಸಿದರೂ ಮುಖ ಮುಖವೇ. ಪ್ಯಾರಾಮೀಟರ್‌ಗಳಿಂದಲೂ ಮುಖ ಮತ್ತೆ ಕಟ್ಟಬಹುದು. ಇಂಥ ಮಾಹಿತಿಗೆ ಒಪ್ಪಿಗೆ ಪಡೆಯಬೇಕು ಅನ್ನುವುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಹಾಗಿರಲಿ, ನಮ್ಮನ್ನು ನಂಬಿ ಕೂತವರಿಗೆ ಅಷ್ಟು ಮರ್ಯಾದೆ ಕೊಡಲೇಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಯಾತಕ್ಕೆ ಬಳಸುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಅದರಲ್ಲಿ ಬರೆದಿರಲಿ. ಸ್ಕ್ಯಾನ್ ಫೈಲ್‌ಗಳನ್ನು ಕ್ಲಾಸಿನ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಕೊನೆಯದಾಗಿ, ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುವ ಪ್ರಶ್ನೆ: ಬೇಲೂರಿನ ಶಿಲಾಬಾಲಿಕೆಯ ಮುಖಕ್ಕೆ ಇದೇ ಮಾಡೆಲ್ ಕೂರಿಸಬಹುದಾ? ಕೂರಿಸಬಹುದು, ಆದರೆ ಆರನೇ ಹಂತದ ಫಲಿತಾಂಶವನ್ನು ಶಿಲ್ಪದ ಮುಖ ಅಂತ ಕರೆಯಬೇಡಿ. ಮಾಡೆಲ್ ಕಲಿತದ್ದು ಮನುಷ್ಯರ ಮುಖ. ಶಿಲ್ಪಿ ಬೇಕಂತಲೇ ಉದ್ದ ಮಾಡಿದ ಕಣ್ಣು, ತಿದ್ದಿದ ಹುಬ್ಬನ್ನು ಅದು ಸರಾಸರಿ ಕಡೆಗೆ ಎಳೆದುಬಿಡುತ್ತದೆ. ಅಲ್ಲಿ ಮಾಡೆಲ್‌ಗೆ ಶುರುವಿನ ಜಾಗ ಹಿಡಿಯುವ ಕೆಲಸ ಮಾತ್ರ ಕೊಟ್ಟು, ಉಳಿದದ್ದನ್ನೆಲ್ಲ ಏಳನೇ ಹಂತಕ್ಕೆ ಬಿಡಿ. ಶಿಲಾಬಾಲಿಕೆಯರು ಸೂರಿನ ಕೆಳಗೆ ಎತ್ತರದಲ್ಲಿ ಇರುವುದರಿಂದ ನೆಲದಿಂದ ತೆಗೆದ ಫೋಟೋದಲ್ಲಿ ಗದ್ದದ ಕೆಳಗು ಚೆನ್ನಾಗಿ ಬಂದು, ಹಣೆಯ ಮೇಲ್ಭಾಗ ತಪ್ಪಿಹೋಗುತ್ತದೆ. ದೂರದಿಂದ ಜೂಮ್ ಲೆನ್ಸ್‌ನಲ್ಲಿ ತೆಗೆಯಿರಿ. ಟ್ರೈಪಾಡ್ ಇಡುವುದಾದರೆ ಪುರಾತತ್ವ ಇಲಾಖೆಯ ಅನುಮತಿಗೆ ಮೊದಲೇ ಅರ್ಜಿ ಹಾಕಿ.